ಮೇಲ್‌ಕೌ ವಿಮರ್ಶೆ: ಒಳಬರುವ ಮೇಲ್‌ಗೆ ಭೇಷ್, ಹೊರಹೋಗುವುದಕ್ಕೆ ರಿಲೇ ಇಟ್ಟುಕೊಳ್ಳಿ

ಬಳ್ಳಾರಿಯ ಜೀನ್ಸ್ ಘಟಕ, ರಾಯಚೂರು ಗಂಜಿನ ದಲಾಲಿ ಅಂಗಡಿ, ಗಂಗಾವತಿ, ಕಾರಟಗಿಯ ರೈಸ್ ಮಿಲ್, ಕೊಪ್ಪಳದ ಭಾಗ್ಯನಗರದ ಕೂದಲು ವ್ಯಾಪಾರ: ಯಾವ ಕಚೇರಿಗೆ ಹೋದರೂ ಹತ್ತಿಪ್ಪತ್ತು ಮೇಲ್ ಐಡಿ ಇದ್ದೇ ಇರುತ್ತವೆ. ಐಡಿಗಿಷ್ಟು ಎಂದು ತಿಂಗಳ ಬಾಡಿಗೆ ಕಟ್ಟಿ ಬೇಸತ್ತ ಮಾಲೀಕರು ‘ನಮ್ಮದೇ ಸರ್ವರ್ ಹಾಕಿದರೆ ಹೆಂಗೆ?’ ಎಂದು ಕೇಳಿದಾಗ ಕಂಪ್ಯೂಟರ್ ನೋಡಿಕೊಳ್ಳುವವರ ಬಾಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಮೇಲ್‌ಕೌ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರ್ ಒಂದು.

ತೀರ್ಪು ಮೊದಲೇ ಹೇಳಿಬಿಡೋಣ. ಸಾಫ್ಟ್‌ವೇರ್ ಗಟ್ಟಿಯಾಗಿದೆ, ಜಿಪಿಎಲ್ 3 ಎಂಬ ಮುಕ್ತ ತಂತ್ರಾಂಶ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ, ಖಾತೆಗಳ ಸಂಖ್ಯೆಗೆ ಮಿತಿಯಿಲ್ಲ. ಆದರೆ ಮೇಲ್ ಸರ್ವರ್ ನಡೆಸುವ ತಾಪತ್ರಯದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಫ್ಟ್‌ವೇರ್‌ನ ಹೊರಗೇ ಇದೆ. ನಿಮ್ಮ ಐಪಿ ವಿಳಾಸದ ಪೂರ್ವಚರಿತ್ರೆ, ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ಬಾಗಿಲಾದ ಪೋರ್ಟ್ 25, ಐಪಿ ಯಾವ ಹೆಸರಿನದು ಎಂದು ಹೇಳುವ ಪಿಟಿಆರ್ ರೆಕಾರ್ಡ್ ಇವು ಮೂರೂ ಮೇಲ್‌ಕೌ ಕೈಯಲ್ಲಿಲ್ಲ. ಹಾಗಾಗಿ ಮೇಲ್ ಬರಮಾಡಿಕೊಳ್ಳಲು, ಇಟ್ಟುಕೊಳ್ಳಲು, ಹುಡುಕಲು ಇದನ್ನೇ ಬಳಸಿ. ಕಳಿಸುವುದಕ್ಕೆ ಮಾತ್ರ ರಿಲೇ ಸೇವೆಯೊಂದನ್ನು, ಅಂದರೆ ನಿಮ್ಮ ಮೇಲ್ ಪಡೆದು ತನ್ನ ಸರ್ವರ್‌ನಿಂದ ಮುಂದೆ ತಲುಪಿಸುವ ಸೇವೆಯನ್ನು, ಜೋಡಿಸಿ. ಎರಡನ್ನೂ ಒಂದೇ ಯಂತ್ರದಿಂದ ಮಾಡುತ್ತೇವೆಂದು ಹಟ ಹಿಡಿಯುವ ಸಣ್ಣ ಕಚೇರಿಗೆ ಇದನ್ನು ಶಿಫಾರಸು ಮಾಡಲಾಗದು.

ಜರ್ಮನಿಯಲ್ಲಿ ತಯಾರಾಗುವ ಮೇಲ್‌ಕೌ ಹೊಸದೇನನ್ನೂ ಕಂಡುಹಿಡಿದಿಲ್ಲ. ಹಳೆಯ ನಂಬಿಕಸ್ಥ ಭಾಗಗಳನ್ನೇ ಡಾಕರ್ ಕಂಟೇನರ್‌ಗಳಲ್ಲಿ (ಪ್ರತಿ ಪ್ರೋಗ್ರಾಂನ್ನೂ ಬೇರೆ ಬೇರೆ ಇಟ್ಟು ನಡೆಸುವ ಡಬ್ಬಿಗಳು) ಜೋಡಿಸಿ, ಎಲ್ಲವನ್ನೂ ಒಂದು ವೆಬ್ ಪುಟದಿಂದ ನೋಡಿಕೊಳ್ಳುವ ಹಾಗೆ ಮಾಡಿದೆ. ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಪೆಟ್ಟಿಗೆಗಳಿಗೆ ಡವ್‌ಕಾಟ್, ಸ್ಪ್ಯಾಮ್ ಸೋಸಲು ಆರ್‌ಸ್ಪ್ಯಾಮ್‌ಡಿ, ವೈರಸ್ ಹಿಡಿಯಲು ಕ್ಲಾಮ್‌ಎವಿ, ವೆಬ್‌ಮೇಲ್ ಮತ್ತು ಕ್ಯಾಲೆಂಡರ್‌ಗೆ ಸೋಗೋ, ಹೆಸರಿನಿಂದ ವಿಳಾಸ ಹೇಳುವ ಡಿಎನ್‌ಎಸ್ ವಿಚಾರಿಸಲು ಅನ್‌ಬೌಂಡ್. ಇವನ್ನೆಲ್ಲ ಕೈಯಿಂದ ಒಂದಕ್ಕೊಂದು ಹೊಂದಿಸಿದವರಿಗೆ ಗೊತ್ತು ಅದರ ಬೆಲೆ. ಕನ್ನಡದ ಇಂಟರ್‌ಫೇಸ್ ಇಲ್ಲ. ಕನ್ನಡದಲ್ಲಿ ಬರೆದ ವಿಷಯ, ಒಕ್ಕಣೆ, ಕಡತದ ಹೆಸರು ಮಾತ್ರ ತೊಂದರೆಯಿಲ್ಲದೆ ಹೋಗಿ ಬರುತ್ತವೆ.

ಎಲ್ಲಿ ಇಡಬೇಕು

ಕಚೇರಿಯ ಮೂಲೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಹಾಕಿ, ಬ್ರಾಡ್‌ಬ್ಯಾಂಡ್‌ಗೆ ಸಿಕ್ಕಿಸಿ ನಡೆಸುವ ಆಸೆ ಬಹಳ ಜನಕ್ಕೆ. ಬೇಡ. ಇದಕ್ಕೆ ಎಲ್ಲರೂ ಕೊಡುವ ಕಾರಣ ಜೆಸ್ಕಾಂ ಕರೆಂಟು, ಆದರೆ ಅದು ಅಂಥ ದೊಡ್ಡ ಕಾರಣವಲ್ಲ. ನಿಮ್ಮ ಸರ್ವರ್ ನಾಲ್ಕು ತಾಸು ಬಂದಾದರೂ ಮೇಲ್ ಕಳೆದುಹೋಗುವುದಿಲ್ಲ. ಕಳಿಸಿದ ಸರ್ವರ್ ಅದನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ ಈ ಅವಧಿ 5 ದಿನ. ಬಳ್ಳಾರಿಗೆ ಬೇಸಿಗೆ, ಕಡುಬೇಸಿಗೆ ಎರಡೇ ಕಾಲ ಎನ್ನುತ್ತಾರಲ್ಲ, ಎಸಿ ಇಲ್ಲದ ಕೋಣೆಯ ಹಾರ್ಡ್‌ಡಿಸ್ಕ್‌ಗೆ ಅದು ಕಾಡಬಹುದು, ಆದರೆ ಅದಕ್ಕೂ ಮದ್ದಿದೆ. ಮದ್ದಿಲ್ಲದ್ದು ಐಪಿಯದು. ಮನೆ ಅಥವಾ ಅಂಗಡಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ ಹಲವು ಗ್ರಾಹಕರಿಗೆ ಸೇರಿ ಒಂದು ಸಾರ್ವಜನಿಕ ಐಪಿ ಇರುತ್ತದೆ, ಆಗ ಹೊರಗಿನಿಂದ ಮೇಲ್ ಒಳಬರಲು ದಾರಿಯೇ ಇಲ್ಲ. ಪ್ರತ್ಯೇಕ ಐಪಿ ಸಿಕ್ಕರೂ ಅಂಥ ವಿಳಾಸಗಳ ಸಾಲು ಸಾಲೇ, ಸ್ಪ್ಯಾಮ್ ತಡೆಯುವ ಪಟ್ಟಿಗಳನ್ನು ಇಡುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿ ಇರುತ್ತದೆ. ‘ಇಲ್ಲಿಂದ ನೇರವಾಗಿ ಮೇಲ್ ಬರಬಾರದು’ ಎನ್ನುವ ಪಟ್ಟಿ ಅದು. ಸ್ಟ್ಯಾಟಿಕ್ (ಬದಲಾಗದ) ಐಪಿ ಇರುವ ಲೀಸ್ಡ್ ಲೈನ್ ಇದ್ದು, ಕೊಟ್ಟವರು ಪಿಟಿಆರ್ ಬರೆದುಕೊಡಲು ಒಪ್ಪಿದರೆ ಮಾತ್ರ ಕಚೇರಿಯಲ್ಲಿಡುವ ಮಾತು ಎತ್ತಬಹುದು.

ಉಳಿದವರು ವಿಪಿಎಸ್ (ಡೇಟಾ ಸೆಂಟರ್‌ನ ಬಾಡಿಗೆ ವರ್ಚುವಲ್ ಸರ್ವರ್) ತೆಗೆದುಕೊಳ್ಳಬೇಕು. ದುಡ್ಡು ಕಟ್ಟುವ ಮೊದಲೇ ಎರಡು ಪ್ರಶ್ನೆ ಕೇಳಿ: ಹೊರಹೋಗುವ ಪೋರ್ಟ್ 25 ತೆರೆದಿದೆಯೇ, ಪಿಟಿಆರ್ ರೆಕಾರ್ಡ್ ನಾವೇ ಇಡಬಹುದೇ. ಗೂಗಲ್ ಕ್ಲೌಡ್‌ನಲ್ಲಿ ಹೊರಹೋಗುವ 25 ಬಂದ್. ಅಮೆಜಾನ್‌ನಲ್ಲಿ ಮೊದಲಿಗೆ ಬಂದ್, ಅರ್ಜಿ ಹಾಕಿ ತೆರೆಸಿಕೊಳ್ಳಬಹುದು. ಡಿಜಿಟಲ್‌ಓಷನ್ 25ರ ಜೊತೆ 465 ಮತ್ತು 587ನ್ನೂ ತಡೆಯುತ್ತದೆ. ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆಯೆಂದು ಅಲ್ಲಿ ತೆಗೆದುಕೊಂಡವರು ಆಮೇಲೆ ತಲೆಕೆಡಿಸಿಕೊಳ್ಳುವುದು ಇದಕ್ಕೇ. ಪರೀಕ್ಷೆ ಸುಲಭ. ವಿಪಿಎಸ್‌ನಿಂದ ಜಿಮೇಲ್‌ನ ಎಂಎಕ್ಸ್ (ಮೇಲ್ ಬರಮಾಡಿಕೊಳ್ಳುವ) ಸರ್ವರ್‌ಗೆ 25ರಲ್ಲಿ ಟೆಲ್‌ನೆಟ್ ಮಾಡಿ. 220 ಎಂದು ಶುರುವಾಗುವ ಸಾಲು ಬಂದರೆ ದಾರಿ ತೆರೆದಿದೆ. ಕರ್ಸರ್ ಸುಮ್ಮನೆ ಮಿನುಗುತ್ತಾ ಕೂತರೆ ಬಂದ್.

ಓಪನ್‌ವಿಝಡ್ ಅಥವಾ ಎಲ್‌ಎಕ್ಸ್‌ಸಿ ಮಾದರಿಯ ಅಗ್ಗದ ವಿಪಿಎಸ್ ನಡೆಯುವುದಿಲ್ಲ, ಪೂರ್ತಿ ವರ್ಚುವಲ್ ಯಂತ್ರ ಕೊಡುವ ಕೆವಿಎಂ ಬೇಕು. ರ‍್ಯಾಮ್ ಕನಿಷ್ಠ 6 ಜಿಬಿ ಮತ್ತು 1 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಎಂದು ಮೇಲ್‌ಕೌನವರೇ ಹೇಳುತ್ತಾರೆ. ಇದು ಬಾಯಿಮಾತಿನ ಲೆಕ್ಕವಲ್ಲ. 4 ಜಿಬಿಯಲ್ಲಿ ಎದ್ದು ನಿಲ್ಲುತ್ತದೆ, ಒಂದೆರಡು ದಿನ ಚೆನ್ನಾಗಿಯೇ ನಡೆಯುತ್ತದೆ, ಕ್ಲಾಮ್‌ಎವಿ ತನ್ನ ವೈರಸ್ ಪಟ್ಟಿಯನ್ನು ಹೊಸದಾಗಿ ಓದಿಕೊಳ್ಳುವಾಗ ಹಳೆಯದು ಹೊಸದು ಎರಡೂ ಮೆಮೊರಿಯಲ್ಲಿ ಕೂತು ಕರ್ನಲ್ ಯಾವುದೋ ಒಂದು ಪ್ರೊಸೆಸ್‌ನ್ನು ಕೊಂದುಹಾಕುತ್ತದೆ. ಬಲಿಯಾಗುವುದು ಕ್ಲಾಮ್‌ಎವಿಯೇ ಆಗಬೇಕೆಂದಿಲ್ಲ, ಡೇಟಾಬೇಸ್ ನಡೆಸುವ ಮರಿಯಾಡಿಬಿಯೂ ಆಗಬಹುದು. ರ‍್ಯಾಮ್ ಏರಿಸಲು ಆಗದಿದ್ದರೆ ಮೇಲ್‌ಕೌ ಸಂರಚನಾ ಕಡತದಲ್ಲಿ ಕ್ಲಾಮ್‌ಎವಿಯನ್ನು ಬಿಟ್ಟುಬಿಡುವ ಸಾಲಿಗೆ ‘ವೈ’ ಕೊಡಿ. ಡಿಸ್ಕ್ ಲೆಕ್ಕ: ವ್ಯವಸ್ಥೆಗೆ 20 ಜಿಬಿ, 20 ಖಾತೆಗೆ ತಲಾ 5 ಜಿಬಿ ಎಂದರೆ 100 ಜಿಬಿ, ಒಟ್ಟು 120. ಬ್ಯಾಕಪ್‌ಗೆ ಬೇರೆ ಜಾಗ ಬೇಕು, ಅದೇ ಡಿಸ್ಕ್‌ನಲ್ಲಿ ಇಟ್ಟರೆ ಬ್ಯಾಕಪ್ ಅಲ್ಲ.

ಹಾಕುವುದು

ಹಾಕುವ ಕೆಲಸ ಒಂದು ಗಂಟೆಯದೂ ಅಲ್ಲ. ಡೆಬಿಯನ್ ಅಥವಾ ಉಬುಂಟು ಹಾಕಿ, ಮೊದಲೇ ಓಡುತ್ತಿರುವ ಎಕ್ಸಿಮ್ (ಮೇಲ್ ಸಾಗಿಸುವ ಇನ್ನೊಂದು ಪ್ರೋಗ್ರಾಂ) ಅಥವಾ ಪೋಸ್ಟ್‌ಫಿಕ್ಸ್ ಇದ್ದರೆ ನಿಲ್ಲಿಸಿ ತೆಗೆಯಿರಿ. ಇಲ್ಲದಿದ್ದರೆ ಪೋರ್ಟ್ 25 ಈಗಾಗಲೇ ಬಳಕೆಯಲ್ಲಿದೆ ಎಂದು ಡಾಕರ್ ತಕರಾರು ಮಾಡುತ್ತದೆ. ಡಾಕರ್ 24 ಅಥವಾ ಅದಕ್ಕಿಂತ ಹೊಸದು, ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವ ಕಂಪೋಸ್ 2 ಬೇಕು. ಗಿಟ್‌ನಿಂದ ಇಳಿಸಿಕೊಂಡು ಸಂರಚನೆ ತಯಾರಿಸುವ ಸ್ಕ್ರಿಪ್ಟ್ ಓಡಿಸಿದರೆ ಹೋಸ್ಟ್ ಹೆಸರು, ಸಮಯವಲಯ ಕೇಳುತ್ತದೆ. ಹೋಸ್ಟ್ ಹೆಸರು ಬರಿಯ ಡೊಮೇನ್ ಆಗಬಾರದು, ಮುಂದೆ ‘ಮೇಲ್.’ ಅಂಥದ್ದೊಂದು ಇರಬೇಕು. ಸಮಯವಲಯ ಏಷ್ಯಾ/ಕೋಲ್ಕತಾ. ಆಮೇಲೆ ಕಂಟೇನರ್‌ಗಳನ್ನು ಎಬ್ಬಿಸಿ, ಅಡ್ಮಿನ್ ಹೆಸರಿನಲ್ಲಿ ಒಳಹೋಗಿ. ಮೊದಲ ಪಾಸ್‌ವರ್ಡ್ ‘ಮೂಹೂ’ (moohoo), ಜಗತ್ತಿಗೆಲ್ಲ ಗೊತ್ತಿರುವುದು. ಬೇರೆ ಏನು ಮುಟ್ಟುವ ಮೊದಲೂ ಅದನ್ನು ಬದಲಿಸಿ, ಎರಡನೇ ಹಂತದ ದೃಢೀಕರಣ ಹಾಕಿ.

ಇಲ್ಲೊಂದು ಎಚ್ಚರಿಕೆ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿ ನಿಶ್ಚಿಂತರಾಗಬೇಡಿ. ಡಾಕರ್ ತೆರೆಯುವ ಪೋರ್ಟ್‌ಗಳು ಅದರ ನಿಯಮಗಳನ್ನು ದಾಟಿಕೊಂಡು ಹೋಗುತ್ತವೆ. ತಡೆಯಬೇಕಾದ್ದನ್ನು ವಿಪಿಎಸ್ ಕೊಡುವವರ ಫೈರ್‌ವಾಲ್‌ನಲ್ಲೇ ತಡೆಯಬೇಕು. ಅಲ್ಲಿ 25, 80, 443, 465, 587, 993 ತೆರೆದಿರಲಿ. ಪಾಪ್ (ಮೇಲ್ ಇಳಿಸಿಕೊಳ್ಳುವ ಹಳೆಯ ವಿಧಾನ) ಬಳಸುವವರಿಲ್ಲದಿದ್ದರೆ 110, 995 ಬೇಡ. 80 ಮುಚ್ಚಿದರೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ ಭದ್ರತಾ ಪ್ರಮಾಣಪತ್ರದ ನವೀಕರಣ ನಿಲ್ಲುತ್ತದೆ. 90 ದಿನದ ಪ್ರಮಾಣಪತ್ರ ಮುಗಿದ ಬೆಳಿಗ್ಗೆ ಎಲ್ಲರ ಫೋನೂ ಒಟ್ಟಿಗೆ ಕೂಗಿಕೊಳ್ಳುತ್ತದೆ. ಪ್ರಮಾಣಪತ್ರ ಬರುತ್ತಿಲ್ಲ ಎಂದು ಅದನ್ನು ತರಿಸುವ ಆಕ್ಮೆ ಕಂಟೇನರನ್ನು ಮೇಲಿಂದ ಮೇಲೆ ರೀಸ್ಟಾರ್ಟ್ ಮಾಡಲೂಬೇಡಿ: ಒಂದು ಹೆಸರಿಗೆ ಗಂಟೆಗೆ 5 ವಿಫಲ ಪ್ರಯತ್ನದ ಮಿತಿಯಿದೆ, ಆಮೇಲೆ ಸರಿಮಾಡಿದರೂ ಕಾಯಬೇಕಾಗುತ್ತದೆ.

ಡಿಎನ್‌ಎಸ್: ಎಲ್ಲರೂ ಎಡವುವ ಜಾಗ

ಮೇಲ್‌ಕೌನಲ್ಲಿ ಅತ್ಯಂತ ಉಪಯುಕ್ತವಾದ ಗುಂಡಿ ಡೊಮೇನ್ ಪಟ್ಟಿಯಲ್ಲಿರುವ ‘ಡಿಎನ್‌ಎಸ್’. ಒತ್ತಿದರೆ ಇರಬೇಕಾದ್ದು ಒಂದು ಕಡೆ, ಸದ್ಯ ಇರುವುದು ಇನ್ನೊಂದು ಕಡೆ ತೋರಿಸುತ್ತದೆ. ಆದರೂ ತಪ್ಪಾಗುವುದು ಹೀಗೆ:

ಎಂಎಕ್ಸ್ ರೆಕಾರ್ಡ್‌ಗೆ ಐಪಿ ಬರೆಯುತ್ತಾರೆ. ಅಲ್ಲಿ ಹೋಸ್ಟ್ ಹೆಸರು ಬರಬೇಕು, ಆ ಹೆಸರಿಗೆ ಐಪಿ ಹೇಳುವ ಎ ರೆಕಾರ್ಡ್ ಇರಬೇಕು, ಇನ್ನೊಂದು ಹೆಸರಿನತ್ತ ತೋರಿಸುವ ಸಿನೇಮ್ ಆಗಬಾರದು. ಹಳೆಯ ಸೇವೆಯ ಎಸ್‌ಪಿಎಫ್ (ಈ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಕಳಿಸಬಹುದು ಎಂಬ ಪಟ್ಟಿ) ಸಾಲನ್ನು ಉಳಿಸಿಕೊಂಡೇ ಹೊಸದೊಂದು ಸೇರಿಸುತ್ತಾರೆ. ಒಂದು ಡೊಮೇನ್‌ಗೆ ಎರಡು ಎಸ್‌ಪಿಎಫ್ ಸಾಲಿದ್ದರೆ ಎರಡೂ ಲೆಕ್ಕಕ್ಕಿಲ್ಲ, ಫಲಿತಾಂಶ ದೋಷವೇ. ಸೇರಿಸಬೇಕಾದ್ದನ್ನೆಲ್ಲ ಒಂದೇ ಸಾಲಿಗೆ ಸೇರಿಸಿ; ಆ ಸಾಲು ಮಾಡಿಸುವ ಡಿಎನ್‌ಎಸ್ ವಿಚಾರಣೆ 10 ದಾಟಬಾರದು. ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂ ಕೀಲಿಯನ್ನು ಮೇಲ್‌ಕೌ 2048 ಬಿಟ್‌ನಲ್ಲಿ ಮಾಡಿಕೊಡುತ್ತದೆ. ಆ ಉದ್ದದ ಕೀಲಿ 255 ಅಕ್ಷರದ ಒಂದು ತುಂಡಿನಲ್ಲಿ ಹಿಡಿಯುವುದಿಲ್ಲ. ಒಳ್ಳೆಯ ಡಿಎನ್‌ಎಸ್ ಪ್ಯಾನೆಲ್ ತಾನೇ ಎರಡು ತುಂಡು ಮಾಡುತ್ತದೆ, ಕೆಲವು ಅಗ್ಗದ ಪ್ಯಾನೆಲ್‌ಗಳು ಬಾಲ ಕತ್ತರಿಸಿ ಉಳಿಸಿಕೊಂಡು ‘ಯಶಸ್ವಿ’ ಎನ್ನುತ್ತವೆ. ಉಳಿಸಿದ ಮೇಲೆ ಡಿಗ್ ಆಜ್ಞೆಯಿಂದ ಕೊನೆಯ ಹತ್ತು ಅಕ್ಷರ ಹೋಲಿಸಿ ನೋಡಿ.

ಈ ಪರೀಕ್ಷೆಗಳಲ್ಲಿ ಪಾಸಾಗದ ಮೇಲ್‌ನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್‌ಗೆ ಮೊದಲು ‘ನನ್’ (ಏನೂ ಮಾಡಬೇಡ) ಇಟ್ಟು ವರದಿ ತರಿಸಿಕೊಳ್ಳಿ. ಎರಡು ಮೂರು ವಾರ ವರದಿ ನೋಡಿ, ಟ್ಯಾಲಿಯಿಂದ ಹೋಗುವ ಬಿಲ್ಲು, ವೆಬ್‌ಸೈಟ್ ಫಾರ್ಮಿನಿಂದ ಹೋಗುವ ಮೇಲ್ ಎಲ್ಲವೂ ಪಾಸಾಗುತ್ತಿವೆ ಎಂದು ಖಾತ್ರಿಯಾದ ಮೇಲೆ ‘ಕ್ವಾರಂಟೈನ್’, ಆಮೇಲೆ ‘ರಿಜೆಕ್ಟ್’. ರಫ್ತು ಮಾಡುವವರಂತೂ ಈ ಕೊನೆಯ ಹಂತ ತಲುಪಲೇಬೇಕು: ನಿಮ್ಮ ಡೊಮೇನ್ ಹೆಸರಿನಲ್ಲೇ ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಖರೀದಿದಾರರಿಗೆ ಹೋಗುವ ಕಳ್ಳ ಮೇಲ್ ತಡೆಯುವುದು ಅದೇ. ಒಂದಕ್ಷರ ಬದಲಿಸಿದ ನಕಲಿ ಡೊಮೇನ್‌ನಿಂದ ಬರುವುದನ್ನು ಡಿಮಾರ್ಕ್ ತಡೆಯುವುದಿಲ್ಲ, ಅದು ಬೇರೆ ಮಾತು.

ಪಿಟಿಆರ್ ಇಡುವುದು ನಿಮ್ಮ ಡಿಎನ್‌ಎಸ್ ಪ್ಯಾನೆಲ್‌ನಲ್ಲಲ್ಲ, ಐಪಿಯ ಒಡೆಯರ ಪ್ಯಾನೆಲ್‌ನಲ್ಲಿ. ಐಪಿಯಿಂದ ಹೆಸರಿಗೆ, ಹೆಸರಿನಿಂದ ಅದೇ ಐಪಿಗೆ ಎರಡೂ ದಿಕ್ಕಿನಲ್ಲಿ ತಾಳೆಯಾಗಬೇಕು. ಐಪಿವಿ6 ಇದ್ದು ಅದಕ್ಕೆ ಪಿಟಿಆರ್ ಇಲ್ಲದಿದ್ದರೆ ಐಪಿವಿ6ನ್ನೇ ಬಂದ್ ಮಾಡಿ. ಐಪಿವಿ4ರಲ್ಲಿ ಎಲ್ಲ ಸರಿಯಿದ್ದೂ ಜಿಮೇಲ್ ವಾಪಸ್ ಕಳಿಸುವುದಕ್ಕೆ ಇದೇ ಕಾರಣವಾಗಿರುವುದುಂಟು.

ಹೊರಹೋಗುವ ಮೇಲ್

2024ರ ಫೆಬ್ರುವರಿಯಿಂದ ಜಿಮೇಲ್ ಬಿಗಿಯಾಗಿದೆ. ಯಾರೇ ಕಳಿಸಿದರೂ ಎಸ್‌ಪಿಎಫ್ ಅಥವಾ ಡಿಕೆಐಎಂ, ಸರಿಯಾದ ಪಿಟಿಆರ್, ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಬೇಕು; ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರೂ. ಇವೆಲ್ಲ ಸರಿಯಿದ್ದರೂ ಹೊಸ ಐಪಿಗೆ ಹೆಸರಿಲ್ಲ, ಹಳೆಯ ಐಪಿಗೆ ಹಿಂದಿನ ಬಾಡಿಗೆದಾರರು ಕೆಡಿಸಿದ ಹೆಸರಿದೆ. ವಾಪಸ್ ಬಂದ ಮೇಲ್‌ನಲ್ಲಿನ ಸಂಖ್ಯೆಯನ್ನು ಓದಿದರೆ ಕಾರಣ ಸಿಗುತ್ತದೆ. ಜಿಮೇಲ್‌ನ 550-5.7.25 ಎಂದರೆ ಪಿಟಿಆರ್ ಇಲ್ಲ ಅಥವಾ ತಾಳೆಯಿಲ್ಲ. 5.7.26 ಎಂದರೆ ಎಸ್‌ಪಿಎಫ್, ಡಿಕೆಐಎಂ ಪಾಸಾಗಿಲ್ಲ. 421-4.7.28 ಎಂದರೆ ಒಮ್ಮೆಲೇ ಜಾಸ್ತಿ ಕಳಿಸಿದ್ದೀರಿ, ನಿಧಾನಿಸಿ. ಔಟ್‌ಲುಕ್‌ನಿಂದ ಎಸ್3140 ಬಂದರೆ ನಿಮ್ಮ ಐಪಿಯ ನೆರೆಹೊರೆಯೇ ಕಪ್ಪುಪಟ್ಟಿಯಲ್ಲಿದೆ. ಫಾರ್ಮ್ ತುಂಬಿ ಬಿಡಿಸಿಕೊಳ್ಳಬಹುದು, ಆದರೆ ನೆರೆಯವರು ಮತ್ತೆ ಕೆಡಿಸಿದರೆ ಮತ್ತೆ ಅದೇ ಪಾಡು. ಲಾಗ್‌ನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ಸಾಲುಗಟ್ಟಿದ್ದರೆ ಪೋರ್ಟ್ 25 ಬಂದ್ ಇದೆ, ಬೇರೆಲ್ಲೂ ಹುಡುಕಬೇಡಿ.

ಈ ಎಲ್ಲದರಿಂದ ತಪ್ಪಿಸಿಕೊಳ್ಳುವ ದಾರಿ ರಿಲೇ. ಅಮೆಜಾನ್ ಎಸ್‌ಇಎಸ್ 1,000 ಮೇಲ್‌ಗೆ 10 ಅಮೆರಿಕನ್ ಸೆಂಟ್ ತೆಗೆದುಕೊಳ್ಳುತ್ತದೆ, ಅಟ್ಯಾಚ್‌ಮೆಂಟ್‌ಗೆ ಜಿಬಿಗೆ 12 ಸೆಂಟ್ ಬೇರೆ. ಮುಂಬೈ ವಲಯದಲ್ಲೂ ಸಿಗುತ್ತದೆ. ದಿನಕ್ಕೆ 300 ಮೇಲ್ ಕಳಿಸುವ ಕಚೇರಿಗೆ ತಿಂಗಳಿಗೆ ಒಂದೆರಡು ಡಾಲರ್‌ನೊಳಗೆ ಮುಗಿಯುತ್ತದೆ. ಶುರುವಿನಲ್ಲಿ ಖಾತೆ ಸ್ಯಾಂಡ್‌ಬಾಕ್ಸ್‌ನಲ್ಲಿರುತ್ತದೆ: ದಿನಕ್ಕೆ 200, ಅದೂ ದೃಢಪಡಿಸಿದ ವಿಳಾಸಗಳಿಗೆ ಮಾತ್ರ. ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಮೇಲ್‌ಕೌನಲ್ಲಿ ರೂಟಿಂಗ್ ವಿಭಾಗಕ್ಕೆ ಹೋಗಿ ಕಳಿಸುವವರನ್ನು ಅವಲಂಬಿಸಿದ ಟ್ರಾನ್ಸ್‌ಪೋರ್ಟ್ ಒಂದನ್ನು ಸೇರಿಸಿ, ಡೊಮೇನ್‌ನ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿದರೆ ಆಯಿತು. ಹೋಸ್ಟ್ ಹೆಸರನ್ನು ಚೌಕ ಆವರಣದೊಳಗೆ ಬರೆದು ಆಮೇಲೆ :587 ಹಾಕಿ. ಆವರಣ ಬಿಟ್ಟರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ ಹುಡುಕಲು ಹೋಗಿ ದಾರಿ ತಪ್ಪುತ್ತದೆ. ನಿಮ್ಮ ವಿಪಿಎಸ್ 587ನ್ನೂ ತಡೆಯುವಂಥದ್ದಾದರೆ ಎಸ್‌ಇಎಸ್ 2587ರಲ್ಲೂ ಕೇಳಿಸಿಕೊಳ್ಳುತ್ತದೆ.

ದೊಡ್ಡ ಕಡತಗಳ ವಿಷಯದಲ್ಲಿ ಮೇಲ್‌ಕೌ ತುಸು ಉದಾರಿ, 100 ಎಂಬಿಯವರೆಗೆ ಒಪ್ಪಿಕೊಳ್ಳುತ್ತದೆ. ಎದುರಿನವರು ಒಪ್ಪಬೇಕಲ್ಲ. ಮೇಲ್‌ಗೆ ಸೇರಿದ ಕಡತ ಬೇಸ್64 ಎಂಬ ಅಕ್ಷರರೂಪಕ್ಕೆ ಬದಲಾಗಿ ಮೂರನೇ ಒಂದರಷ್ಟು ಹಿಗ್ಗುತ್ತದೆ, 20 ಎಂಬಿಯ ಜೀನ್ಸ್ ಪ್ಯಾಟರ್ನ್ ಕಡತ ಹೊರಡುವಾಗ ಸುಮಾರು 27 ಎಂಬಿ. 15 ಎಂಬಿ ದಾಟಿದ್ದನ್ನು ಲಿಂಕ್ ಮಾಡಿ ಕಳಿಸುವುದು ಒಳ್ಳೆಯದು.

ನಡೆಸುವಾಗ ಬರುವ ದೂರುಗಳು

‘ಇಡೀ ಆಫೀಸಿಗೆ ಮೇಲ್ ಬರ್ತಿಲ್ಲ, ಹೊರಗೆ ಮೊಬೈಲ್ ಡೇಟಾದಲ್ಲಿ ಬರ್ತದೆ.’ ಇದು ಮೇಲ್‌ಕೌನ ಕಾವಲು ಭಾಗವಾದ ನೆಟ್‌ಫಿಲ್ಟರ್ ಕೆಲಸ. ಯಾರೋ ಪಾಸ್‌ವರ್ಡ್ ಬದಲಿಸಿ ಫೋನ್‌ನಲ್ಲಿ ಹಳೆಯದನ್ನೇ ಬಿಟ್ಟಿರುತ್ತಾರೆ, ಫೋನು ಬಿಡದೆ ಪ್ರಯತ್ನಿಸುತ್ತದೆ. 10 ನಿಮಿಷದೊಳಗೆ 10 ಸೋಲು ಕಂಡರೆ ಆ ಐಪಿಗೆ ಅರ್ಧ ಗಂಟೆ ಬ್ಯಾನ್. ಕಚೇರಿಯವರೆಲ್ಲ ಒಂದೇ ಐಪಿಯಿಂದ ಬರುವುದರಿಂದ ಒಬ್ಬರ ತಪ್ಪಿಗೆ ಎಲ್ಲರಿಗೂ ಶಿಕ್ಷೆ. ಸ್ಟ್ಯಾಟಿಕ್ ಐಪಿ ಇದ್ದರೆ ಅದನ್ನು ಬಿಳಿಪಟ್ಟಿಗೆ ಸೇರಿಸಿ. ಹಂಚಿಕೊಂಡ ಐಪಿಯಾದರೆ ಸೇರಿಸಬೇಡಿ, ಆ ಫೋನ್ ಯಾವುದೆಂದು ಡವ್‌ಕಾಟ್ ಲಾಗ್‌ನಲ್ಲಿ ಹುಡುಕಿ.

‘ಓಟಿಪಿ ತಡವಾಗಿ ಬರ್ತದೆ.’ ಸಂಶಯಾಸ್ಪದ ಅಂಕ 7 ಮುಟ್ಟಿದ ಮೇಲ್‌ನ್ನು ಗ್ರೇಲಿಸ್ಟ್ ಮಾಡಿ ‘ಆಮೇಲೆ ಬಾ’ ಎಂದು ಕಳಿಸುವುದು ಇಲ್ಲಿಯ ಪದ್ಧತಿ. 8ಕ್ಕೆ ಸ್ಪ್ಯಾಮ್ ಗುರುತು, 15ಕ್ಕೆ ತಿರಸ್ಕಾರ. ಕಾಯಿಸುವುದು 5 ನಿಮಿಷವೇ ಆದರೂ ಎದುರಿನ ಸರ್ವರ್ ಮತ್ತೆ ಬರುವುದು ಅದರ ಅನುಕೂಲಕ್ಕೆ, ಅಷ್ಟರಲ್ಲಿ ಓಟಿಪಿ ಸತ್ತಿರುತ್ತದೆ. ಗ್ರೇಲಿಸ್ಟಿಂಗ್ ಪೂರ್ತಿ ಬಂದ್ ಮಾಡಬಹುದು, ಆದರೆ ಅದಕ್ಕಿಂತ ಬೇಕಾದ ಡೊಮೇನ್‌ಗಳನ್ನಷ್ಟೇ ಬಿಳಿಪಟ್ಟಿಗೆ ಸೇರಿಸುವುದು ಲೇಸು.

ಸ್ಪ್ಯಾಮ್ ಏಕಾಏಕಿ ನುಗ್ಗತೊಡಗಿದರೆ ಸ್ಪ್ಯಾಮ್‌ಹೌಸ್ ಉತ್ತರಿಸುತ್ತಿದೆಯೇ ನೋಡಿ. 8.8.8.8ರಂಥ ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಹುಡುಕಿಕೊಡುವ ಸರ್ವರ್) ಮೂಲಕ ಕೇಳಿದರೆ ಅದು 127.255.255.254 ಎಂಬ ನಿರಾಕರಣೆ ಕೊಡುತ್ತದೆ. ಒಳಗಿನ ಅನ್‌ಬೌಂಡ್ ಇರುವುದೇ ಇದಕ್ಕೆ, ಅದನ್ನು ಬದಲಿಸಬೇಡಿ. ಕೆಲವು ದೊಡ್ಡ ಡೇಟಾ ಸೆಂಟರ್‌ಗಳ ಜಾಲದಿಂದ ಕೇಳಿದರೂ ನಿರಾಕರಣೆ ಬರುತ್ತದೆ; ಆಗ ಸ್ಪ್ಯಾಮ್‌ಹೌಸ್‌ನಿಂದಲೇ ಉಚಿತ ಡಿಕ್ಯೂಎಸ್ ಕೀಲಿ ಪಡೆದು ಸಂರಚನೆಯಲ್ಲಿ ಬರೆಯಬೇಕು.

ಸೋಗೋ ಈ ಗುಂಪಿನಲ್ಲಿ ಬಡಕಲು ಕೂಸು. ಮುಖಚರ್ಯೆ ಹಳೆಯದು. ಫೋನ್‌ಗಳನ್ನು ಆಕ್ಟಿವ್‌ಸಿಂಕ್‌ನಲ್ಲಿ (ಮೇಲ್, ಕ್ಯಾಲೆಂಡರ್ ಒಟ್ಟಿಗೆ ಹೊಂದಿಸುವ ವಿಧಾನ) ಜೋಡಿಸಿದರೆ ಪ್ರತಿ ಫೋನೂ ಸೋಗೋದ ಒಂದೊಂದು ವರ್ಕರ್ ಪ್ರೊಸೆಸ್‌ನ್ನು ಹಿಡಿದು ಕೂರುತ್ತದೆ, ವರ್ಕರ್ ಮುಗಿದಾಗ ‘ನೋ ಚೈಲ್ಡ್ ಅವೈಲೆಬಲ್’ ಎಂದು ಲಾಗ್ ತುಂಬುತ್ತದೆ, ವೆಬ್‌ಮೇಲ್ ನಿಲ್ಲುತ್ತದೆ. ವರ್ಕರ್ ಸಂಖ್ಯೆ ಏರಿಸಬಹುದು, ಅದಕ್ಕೆ ತಕ್ಕ ರ‍್ಯಾಮ್ ಬೇಕು. ಕ್ಯಾಲೆಂಡರ್ ಬೇಡವಾದವರಿಗೆ ಮೇಲ್ ಮಾತ್ರ ತೋರಿಸುವ ಐಮ್ಯಾಪ್ ಸಾಕು.

ಬ್ಯಾಕಪ್

ಇಲ್ಲಿ ಗಮನ ಕೊಟ್ಟು ಓದಿ. ಮೇಲ್‌ಕೌ ಮೇಲ್‌ಗಳನ್ನು ಡಿಸ್ಕ್‌ನಲ್ಲಿ ಕುಗ್ಗಿಸಿ, ಗೂಢಲಿಪಿ ಮಾಡಿ ಇಡುತ್ತದೆ. ಕೀಲಿ ಇರುವುದು ಬೇರೆ ವಾಲ್ಯೂಮಿನಲ್ಲಿ (ಡಾಕರ್ ಡೇಟಾ ಇಡುವ ಜಾಗ), ಹೆಸರು ಕ್ರಿಪ್ಟ್. ಮೇಲ್ ಇರುವ ವಾಲ್ಯೂಮ್ ಒಂದನ್ನೇ ದಿನಾ ನಕಲು ಮಾಡಿಕೊಂಡು ನೆಮ್ಮದಿಯಾಗಿದ್ದರೆ, ಸರ್ವರ್ ಸತ್ತ ದಿನ ಕೈಯಲ್ಲಿರುವುದು ಓದಲಾಗದ ರಾಶಿ. ಜೊತೆಗೆ ಬರುವ ಬ್ಯಾಕಪ್ ಸ್ಕ್ರಿಪ್ಟ್‌ಗೆ ‘ಆಲ್’ ಎಂದೇ ಕೊಡಿ, ಅದು ಕೀಲಿ, ಡೇಟಾಬೇಸ್, ಆರ್‌ಸ್ಪ್ಯಾಮ್‌ಡಿ ಕಲಿತದ್ದು ಎಲ್ಲವನ್ನೂ ಕಟ್ಟಿಕೊಳ್ಳುತ್ತದೆ. ಕಟ್ಟಿದ್ದನ್ನು ಬೇರೆ ಊರಿನ ಯಂತ್ರಕ್ಕೆ ಕಳಿಸಿ, ಮೂರು ತಿಂಗಳಿಗೊಮ್ಮೆ ಬಾಡಿಗೆ ವಿಪಿಎಸ್ ಒಂದರಲ್ಲಿ ಬಿಚ್ಚಿ ಒಂದು ಹಳೆಯ ಮೇಲ್ ತೆರೆದು ನೋಡಿ.

ಲಾಗ್ ವಿಷಯದಲ್ಲಿ ಮೇಲ್‌ಕೌಗೆ ಅಂಕ ಕಡಿಮೆ. ವೆಬ್ ಪುಟದಲ್ಲಿ ಕೊನೆಯ 9,999 ಸಾಲಷ್ಟೇ ಉಳಿಯುತ್ತವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಲಾಗ್‌ಗಳನ್ನು 180 ದಿನ ಇಡಲು, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ತಿಳಿಸಲು ಹೇಳುತ್ತದೆ. ಡಾಕರ್ ಲಾಗ್‌ಗಳನ್ನು ಹೊರಗಿನ ಸಿಸ್‌ಲಾಗ್ (ಲಾಗ್ ಕೂಡಿಡುವ) ಸರ್ವರ್‌ಗೆ ಹರಿಸುವ ಏರ್ಪಾಟು ನೀವೇ ಮಾಡಿಕೊಳ್ಳಬೇಕು.

ಹಳೆಯ ಮೇಲ್ ತರಲು ಸಿಂಕ್ ಜಾಬ್ ಇದೆ, ಒಳಗೆ ಓಡುವುದು ಐಮ್ಯಾಪ್‌ಸಿಂಕ್. ಗೂಗಲ್‌ನಿಂದ ಐಮ್ಯಾಪ್‌ನಲ್ಲಿ ದಿನಕ್ಕೆ 2,500 ಎಂಬಿಯಷ್ಟೇ ಇಳಿಸಿಕೊಳ್ಳಬಹುದು. 20 ಜಿಬಿ ಪೆಟ್ಟಿಗೆಗೆ ವಾರದ ಮೇಲೆ ಹಿಡಿಯುತ್ತದೆ. ಎಂಎಕ್ಸ್ ತಿರುಗಿಸುವ ಮೊದಲೇ ಸಿಂಕ್ ಶುರುಮಾಡಿ, ತಿರುಗಿಸಿದ ಮೇಲೂ ಒಂದೆರಡು ದಿನ ಓಡಲು ಬಿಡಿ. ತಿಂಗಳ ಕೊನೆಗೆ, ಜಿಎಸ್‌ಟಿ ಗಡುವಿನ ವಾರದಲ್ಲಿ ಮಾತ್ರ ಎಂಎಕ್ಸ್ ಮುಟ್ಟಬೇಡಿ.

ಅಪ್‌ಡೇಟ್ ಸ್ಕ್ರಿಪ್ಟ್ ನಂಬಬಹುದಾದದ್ದು. ಪೋಸ್ಟ್‌ಫಿಕ್ಸ್‌ಗೆ ನಿಮ್ಮ ಬದಲಾವಣೆಗಳನ್ನು ಮೂಲ ಕಡತದಲ್ಲಿ ಬರೆಯದೆ ‘ಎಕ್ಸ್‌ಟ್ರಾ’ ಹೆಸರಿನ ಪ್ರತ್ಯೇಕ ಕಡತದಲ್ಲಿ ಬರೆದರೆ ಅಪ್‌ಡೇಟ್ ವೇಳೆ ಗಿಟ್ ಜಗಳ ಬರುವುದಿಲ್ಲ.

ಐದಾರು ಖಾತೆಯಷ್ಟೇ ಇರುವ ಅಂಗಡಿಗೆ ಮೇಲ್‌ಕೌ ಅತಿಯಾಯಿತು. 1 ಜಿಬಿ ರ‍್ಯಾಮ್‌ನಲ್ಲಿ ನಡೆಯುವ ಮೇಲ್-ಇನ್-ಎ-ಬಾಕ್ಸ್ ನೋಡಬಹುದು, ಅದು ಖಾಲಿ ಉಬುಂಟು 22.04 ಯಂತ್ರವನ್ನು ಇಡಿಯಾಗಿ ಕೇಳುತ್ತದೆ, ಡಿಎನ್‌ಎಸ್ ಕೂಡ ತಾನೇ ನಡೆಸುತ್ತೇನೆ ಎನ್ನುತ್ತದೆ. ವೆಬ್ ಪುಟ ಬೇಡ, ಕಡತ ತಿದ್ದಿ ಅಭ್ಯಾಸವಿದೆ ಎನ್ನುವವರಿಗೆ ಡಾಕರ್-ಮೇಲ್‌ಸರ್ವರ್ ಹಗುರ. ಲಾಗ್ ಓದಬಲ್ಲ ಒಬ್ಬರೂ ಕಚೇರಿಯಲ್ಲಿ ಇಲ್ಲ, ಫೋನಾಯಿಸಿದರೆ ಸಂಜೆಯೊಳಗೆ ಬರುವವರೂ ಇಲ್ಲ ಎಂದಾದರೆ ತಿಂಗಳ ಬಾಡಿಗೆಯೇ ಅಗ್ಗ.